ಅಟ್ಟದಲ್ಲಿ ಸಿಕ್ಕಿದ 63 ನೆಗೆಟಿವ್: ಯಾವ ಜಾಗ, ಯಾವ ವರ್ಷ? ಬಲ್ಲವರು ಹೇಳಿ

ಕಲ್ಸಂಕದವಳು

ಎಲ್ಲರಿಗೂ ನಮಸ್ಕಾರ. ನನ್ನ ಅಮ್ಮನ ಸೋದರಮಾವ ಉಡುಪಿ ರಥಬೀದಿಯ ಹತ್ತಿರ ಸಣ್ಣದೊಂದು ಸ್ಟುಡಿಯೋ ಇಟ್ಟಿದ್ದರು. ಅವರು ತೀರಿಕೊಂಡು ಇಪ್ಪತ್ತು ವರ್ಷ ದಾಟಿತು. ಕಳೆದ ತಿಂಗಳು ಅವರ ಮನೆ ಮಾರುವ ಮುಂಚೆ ಅಟ್ಟ ಖಾಲಿ ಮಾಡುವಾಗ ಬಿಸ್ಕತ್ತಿನ ತಗಡಿನ ಡಬ್ಬ ಸಿಕ್ಕಿತು. ಒಳಗೆ 63 ನೆಗೆಟಿವ್. 11 ಗಾಜಿನವು, ಉಳಿದವು ಫಿಲ್ಮು. ಕಾಗದದ ಕವರುಗಳನ್ನು ಗೆದ್ದಲು ತಿಂದಿದೆ. ಒಂದರ ಮೇಲೂ ಹೆಸರಿಲ್ಲ, ತಾರೀಕಿಲ್ಲ.

ಲ್ಯಾಪ್‌ಟಾಪಿನಲ್ಲಿ ಖಾಲಿ ಬಿಳಿ ಪುಟ ತೆರೆದು, ಅದರ ಮುಂದೆ ನೆಗೆಟಿವ್ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದೆ. ಆಮೇಲೆ ಬಣ್ಣ ತಿರುಗಿಸಿದೆ. ನಾಲ್ಕು ಚಿತ್ರ ಹಾಕಿದ್ದೇನೆ.

ಒಂದನೆಯದು: ರಥಬೀದಿಯಲ್ಲಿ ಮೆರವಣಿಗೆ. ಪಲ್ಲಕ್ಕಿಯಲ್ಲಿ ಸ್ವಾಮಿಗಳು, ಸುತ್ತ ಜನ, ಹಿಂದೆ ಅರ್ಧ ಮರೆಯಾದ ಸ್ವಾಗತ ಕಮಾನು.
ಎರಡನೆಯದು: ದೊಡ್ಡ ಹೊಳೆ, ಮೇಲೆ ಕಮಾನಿರುವ ಸಂಕ (ಸೇತುವೆ). ದಡದಲ್ಲಿ ಅಂಗಿ ಹಾಕದ ನಾಲ್ವರು ಗಂಡಸರು, ಸಂಕದ ಮೇಲೊಂದು ಲಾರಿ.
ಮೂರನೆಯದು: ಕಡಲತೀರ. ಐವತ್ತು ಅರವತ್ತು ಜನ ಸಾಲಾಗಿ ನಿಂತು ಬಲೆ ಎಳೆಯುತ್ತಿದ್ದಾರೆ.
ನಾಲ್ಕನೆಯದು: ಒಂದು ಮನೆಯ ಅಂಗಳ. ತುಳಸಿಕಟ್ಟೆ, ಚಾಪೆಯ ಮೇಲೆ ಏನೋ ಒಣಹಾಕಿದ್ದಾರೆ, ಲಂಗದ ಹುಡುಗಿಯೊಬ್ಬಳು ಬಗ್ಗಿ ತಿರುವಿಹಾಕುತ್ತಿದ್ದಾಳೆ.

ಇವು ಎಲ್ಲಿಯವು, ಯಾವಾಗಿನವು ಎಂದು ತಿಳಿಯುವುದು ಹೇಗೆ? ಎಲ್ಲಿಂದ ಶುರು ಮಾಡಲಿ?

ಡಾರ್ಕ್‌ರೂಮ್ ಮಾಮ

ಮೊದಲಿಗೆ, ಡಬ್ಬವನ್ನು ಎಸೆಯದೆ ಇಟ್ಟುಕೊಂಡದ್ದಕ್ಕೆ ನಿಮಗೆ ದೊಡ್ಡ ನಮಸ್ಕಾರ. ನಾನು 1971ರಿಂದ ಮಂಗಳೂರಿನಲ್ಲಿ ಸ್ಟುಡಿಯೋ ಕೆಲಸ ಮಾಡಿದವನು. ಎಷ್ಟೋ ಮನೆಗಳ ನೆಗೆಟಿವ್ ಗುಜರಿಗೆ ಹೋದದ್ದನ್ನು ಕಣ್ಣಾರೆ ನೋಡಿದ್ದೇನೆ.

ಈಗ ಒಂದು ಮಾತು ಕೇಳಿ. ಚಿತ್ರ ನೋಡಬೇಡಿ. ಅಂಚು ನೋಡಿ. ಚಿತ್ರ ನೋಡಿದ ತಕ್ಷಣ ನಮ್ಮ ಮನಸ್ಸು "ಇದು ಅಲ್ಲಿಯದೇ" ಎಂದು ತೀರ್ಮಾನ ಮಾಡಿಬಿಡುತ್ತದೆ. ಆಮೇಲೆ ಅದಕ್ಕೆ ತಕ್ಕ ಗುರುತುಗಳು ಮಾತ್ರ ಕಣ್ಣಿಗೆ ಬೀಳುತ್ತವೆ. ಫಿಲ್ಮಿನ ಅಂಚಿಗೆ ಆ ಹಟ ಇಲ್ಲ.

ಅಂಚಿನಲ್ಲಿ ಕಂಪನಿಯ ಹೆಸರು ಇರುತ್ತದೆ. "ಇಂಡು" ಎಂದಿದ್ದರೆ ಅದು ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್‌ನದ್ದು. ಆ ಕಾರ್ಖಾನೆಯಲ್ಲಿ ಫಿಲ್ಮು ತಯಾರಾಗತೊಡಗಿದ್ದು 1967ರಲ್ಲಿ. ಹಾಗಾಗಿ ಇಂಡು ಫಿಲ್ಮಿನ ಚಿತ್ರ ಅದಕ್ಕಿಂತ ಹಿಂದಿನದ್ದಾಗಲು ಸಾಧ್ಯವೇ ಇಲ್ಲ. "ಸೇಫ್ಟಿ" ಎಂದಿದ್ದರೆ ಬೇಗ ಬೆಂಕಿ ಹತ್ತದ ಫಿಲ್ಮು. ಅದಕ್ಕೂ ಹಿಂದಿನ ನೈಟ್ರೇಟ್ ಫಿಲ್ಮು ಬಹಳ ಅಪಾಯದ್ದು. ಕೋಡಕ್‌ನವರು 1951ರ ಹೊತ್ತಿಗೆ ಅದನ್ನು ಮಾಡುವುದನ್ನೇ ನಿಲ್ಲಿಸಿದರು. ಹಳದಿಯಾಗಿ ಅಂಟಂಟಾದ ಫಿಲ್ಮು ಕಂಡರೆ ಅದನ್ನು ಬೇರೆ ಇಡಿ. ಒಲೆ, ದೀಪ, ಬಿಸಿಲು ಯಾವುದೂ ಹತ್ತಿರ ಬೇಡ.

ಮೂಸಿಯೂ ನೋಡಿ. ವಿನೆಗರ್ ವಾಸನೆ ಬಂದರೆ ಫಿಲ್ಮು ಹಾಳಾಗಲು ಶುರುವಾಗಿದೆ ಎಂದು ಅರ್ಥ. ನಮ್ಮ ಕರಾವಳಿಯ ಸೆಕೆ, ತೇವಕ್ಕೆ ಇದು ಜಾಸ್ತಿ. ಅಂಥದನ್ನು ಬೇರೆ ಡಬ್ಬಕ್ಕೆ ಹಾಕಿ, ಮೊದಲು ಅದನ್ನೇ ಫೋಟೊ ತೆಗೆದಿಡಿ.

ಗಾಜಿನದನ್ನು ಒಂದರ ಮೇಲೊಂದು ಪೇರಿಸಬೇಡಿ. ಉದ್ದದ ಅಂಚಿನ ಮೇಲೆ ನಿಲ್ಲಿಸಿ ಇಡಿ. ತೊಳೆಯಲೇಬೇಡಿ. ಕಾಗದದ ಹೊಸ ಕವರಿನ ಮೇಲೆ ಪೆನ್ಸಿಲಿನಲ್ಲಿ ನಂಬರ್ ಬರೆದು, ಆಮೇಲೆ ನೆಗೆಟಿವ್ ಒಳಗೆ ಹಾಕಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಬೂಸ್ಟು ಹಿಡಿಯುತ್ತದೆ.

ಕಲ್ಸಂಕದವಳು

ಮಾಮ, ನೀವು ಹೇಳಿದ ಹಾಗೆ ಇಡೀ ಭಾನುವಾರ ಅಂಚುಗಳನ್ನೇ ನೋಡಿದೆ. ಬಲೆ ಎಳೆಯುವ ಚಿತ್ರ 35 ಎಂಎಂ, ಅಂಚಿನಲ್ಲಿ ಇಂಡು ಎಂದು ಚೆನ್ನಾಗಿ ಓದಲಿಕ್ಕೆ ಬರುತ್ತದೆ. ಮೆರವಣಿಗೆ, ಸಂಕ, ಅಂಗಳ ಮೂರೂ 120 ಫಿಲ್ಮು, ಅಂದರೆ ಅದಕ್ಕಿಂತ ಅಗಲದ ಸುರುಳಿ. ಮೂರರಲ್ಲೂ ಸೇಫ್ಟಿ ಎಂದಿದೆ. ಐದಾರಕ್ಕೆ ವಿನೆಗರ್ ವಾಸನೆ ಉಂಟು, ಬೇರೆ ಇಟ್ಟಿದ್ದೇನೆ. ಹಳದಿ ಅಂಟಿನದು ಒಂದೂ ಇಲ್ಲ.

ಕೋಡಕ್ ಫಿಲ್ಮಿನ ಅಂಚಿನಲ್ಲಿ ವೃತ್ತ, ಚೌಕ, ತ್ರಿಕೋನದ ಚಿಹ್ನೆ ಇದ್ದರೆ ವರ್ಷವೇ ಗೊತ್ತಾಗುತ್ತದೆ ಎಂದು ಎಲ್ಲೋ ಓದಿದ್ದೆ. ಅದು ನಿಜವೇ?

ಡಾರ್ಕ್‌ರೂಮ್ ಮಾಮ

ಆ ಪಟ್ಟಿ ಮುಖ್ಯವಾಗಿ ಸಿನಿಮಾ ಫಿಲ್ಮಿನದ್ದು. ಅಲ್ಲೂ ಅದೇ ಚಿಹ್ನೆಗಳು 20 ವರ್ಷಕ್ಕೊಮ್ಮೆ ಮರಳಿ ಬರುತ್ತಿದ್ದವು. ನಿಮ್ಮ 120 ಫಿಲ್ಮಿಗೆ ಅದನ್ನು ನಂಬಬೇಡಿ.

ಬಂದರು ಬದಿ

ಎರಡನೇ ಚಿತ್ರ ಮಂಗಳೂರಿನ ಹತ್ತಿರದ ಕೂಳೂರಿನ ಹಳೇ ಸಂಕದ ಹಾಗೆ ಕಾಣುತ್ತದೆ. ರಸ್ತೆಯ ಮೇಲೆ ಕಾಂಕ್ರೀಟಿನ ಕಮಾನು ನೋಡಿ. ಅದು 1952ರದ್ದು. ಆದರೆ ಆ ಗುಡ್ಡ ತಪ್ಪು ಬದಿಗೆ ಇದೆಯಲ್ಲ! ನಾನು ದಿನಾ ಹೋಗುವ ದಾರಿ ಅದು. ಏನೋ ಸರಿಯಿಲ್ಲ.

ತೆಂಕಪೇಟೆಯವ

ಸರಿಯಿಲ್ಲದ್ದು ಗುಡ್ಡ ಅಲ್ಲ ಮಾರಾಯ್ರೇ, ಚಿತ್ರವೇ ಮಗುಚಿದೆ. ಆ ನಾಲ್ವರ ಜನಿವಾರ ನೋಡಿ. ನಾಲ್ವರದ್ದೂ ಬಲ ಹೆಗಲ ಮೇಲಿದೆ. ಎಡ ಹೆಗಲಿಂದ ಬಲ ಸೊಂಟಕ್ಕೆ ಇಳಿಯಬೇಕಾದ್ದು.

ಬಂದರು ಬದಿ

ಹೊಳೆಯ ದಡ ಅಲ್ವಾ? ತರ್ಪಣ ಬಿಡಲು ಇಳಿದಿರಬಹುದು. ಪಿತೃಕಾರ್ಯಕ್ಕೆ ಜನಿವಾರ ಬಲ ಹೆಗಲಿಗೆ ಹಾಕಿಕೊಳ್ಳುತ್ತಾರಲ್ಲ. ನನ್ನ ಅಪ್ಪನ ವರ್ಷಾಂತಿಕದಲ್ಲಿ ನಾನೇ ಹಾಗೆ ಹಾಕಿಕೊಂಡಿದ್ದೆ.

ತೆಂಕಪೇಟೆಯವ

ನೀವು ಹೇಳುವುದೂ ಹೌದು. ಅದನ್ನು ನಾನು ಯೋಚಿಸಲೇ ಇಲ್ಲ. ಜನಿವಾರ ಒಂದನ್ನೇ ನಂಬಲಿಕ್ಕೆ ಬರುವುದಿಲ್ಲ ಹಾಗಾದರೆ. ಹಿಂದೆ ಬುಟ್ಟಿ ಹೊತ್ತ ಹೆಂಗಸು ಒಬ್ಬಳು ಇದ್ದಾಳೆ. ಅವಳ ಸೆರಗು ಯಾವ ಹೆಗಲ ಮೇಲೆ? ನನಗೆ ಮಸುಕಾಗಿ ಕಾಣುತ್ತದೆ. ದೊಡ್ಡದು ಮಾಡಿ ಹಾಕುತ್ತೀರಾ?

ಡಾರ್ಕ್‌ರೂಮ್ ಮಾಮ

ಸೆರಗಿನವರೆಗೆ ಹೋಗಬೇಕಾಗಿಲ್ಲ. ನೆಗೆಟಿವ್‌ಗೆ ಎರಡು ಮುಖ. ಒಂದು ಹೊಳೆಯುತ್ತದೆ, ಇನ್ನೊಂದು ಮಂಕು. ಮಂಕಾದದ್ದು ಎಮಲ್ಷನ್ ಬದಿ, ಚಿತ್ರ ಕೂತಿರುವುದು ಅಲ್ಲಿ. ಹೊಳೆಯುವ ಬದಿ ನಿಮ್ಮ ಕಡೆಗೆ ಇದ್ದರೆ ಚಿತ್ರ ನೇರವಾಗಿ ಕಾಣುತ್ತದೆ. ಮಂಕು ಬದಿ ನಿಮ್ಮ ಕಡೆಗೆ ಇದ್ದರೆ ಎಡ ಬಲ ಅದಲುಬದಲು. ಅಂಚಿನ ಅಕ್ಷರವೂ ಹಾಗೇ. ಅದು ಸರಿಯಾಗಿ ಓದಲಿಕ್ಕೆ ಬಂದರೆ ಚಿತ್ರವೂ ಸರಿಯಾಗಿದೆ ಎಂದು ಲೆಕ್ಕ. ಗಾಜಿನದ್ದಕ್ಕೂ ಇದೇ ನಿಯಮ, ಬರೀ ಗಾಜಿನ ಬದಿಯಿಂದ ನೋಡಬೇಕು.

ನೆಗೆಟಿವ್ ಅನ್ನು ದೀಪದ ಕೆಳಗೆ ಓರೆ ಹಿಡಿದು ತಿರುಗಿಸಿ ನೋಡಿ. ಯಾವ ಬದಿ ಮಂಕು ಎಂದು ಕೂಡಲೇ ಗೊತ್ತಾಗುತ್ತದೆ.

ಕಲ್ಸಂಕದವಳು

ನೋಡಿದೆ. ನಾನು ಮಂಕು ಬದಿಯಿಂದಲೇ ತೆಗೆದಿದ್ದೆ. ಸಂಕದ ಚಿತ್ರ ಒಂದೇ ಹಾಗಾದದ್ದು, ಉಳಿದ ಮೂರು ಸರಿ ಇವೆ. ತಿರುಗಿಸಿ ಮತ್ತೆ ಹಾಕಿದ್ದೇನೆ. ಈಗ ಜನಿವಾರ ಎಡ ಹೆಗಲಿಗೆ ಬಂತು. ಹೆಂಗಸಿನ ಸೆರಗೂ ಎಡ ಹೆಗಲಿಗೆ ಬಂತು.

ಇನ್ನೊಂದು ವಿಷಯ. ಲಾರಿಯ ನಂಬರ್ ಪ್ಲೇಟನ್ನು ನಾನು ಮೊದಲು "ವೈಎಂ" ಎಂದು ಓದಿ ತಲೆ ಕೆಡಿಸಿಕೊಂಡಿದ್ದೆ. ಅಂಥ ನಂಬರ್ ಎಲ್ಲಿಯದು ಎಂದು ಹುಡುಕಿದ್ದೇ ಹುಡುಕಿದ್ದು. ಈಗ ನೋಡಿದರೆ ಅದು "ಎಂವೈ". ಆ ಎರಡು ಇಂಗ್ಲಿಷ್ ಅಕ್ಷರಗಳೂ ಕನ್ನಡಿಯಲ್ಲಿ ಹಾಗೆಯೇ ಕಾಣುತ್ತವೆ. ಹಾಗಾಗಿ ಅಕ್ಷರ ಉಲ್ಟಾ ಅನ್ನಿಸಲಿಲ್ಲ, ಬರೀ ಸಾಲು ಹಿಂದುಮುಂದಾಗಿತ್ತು. ಮುಂದಿನ ಅಕ್ಷರ, ಅಂಕಿ ಎಲ್ಲ ಮಸುಕು.

ಬಂದರು ಬದಿ

ಈಗ ಗುಡ್ಡ ತನ್ನ ಜಾಗಕ್ಕೆ ಬಂತು! ಕೂಳೂರೇ.

ಎಂವೈ ಅಂದರೆ ಮೈಸೂರು. ನಮ್ಮ ಜಿಲ್ಲೆ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ಕ್ಕೆ. ಹಾಗಾಗಿ ಚಿತ್ರ ಆಮೇಲಿನದ್ದು.

ನೇತ್ರಾವತಿ ತೀರ

ಅಷ್ಟು ಬೇಗ ಬೇಡ. ಘಟ್ಟದ ಮೇಲಿನ ಲಾರಿ 1956ಕ್ಕೆ ಮುಂಚೆಯೂ ಬಂದರಿಗೆ ಬಂದಿರಬಹುದು. ಆಗಲೂ ಹಳೇ ಮೈಸೂರು ರಾಜ್ಯದ ಗಾಡಿಗಳಿಗೆ ಎಂವೈ ಇತ್ತು. ಲಾರಿಯಿಂದ "1956ರ ನಂತರ ಇರಬಹುದು" ಎಂದು ಬರೆಯಬಹುದು. ಸಂಕದಿಂದ "1952ಕ್ಕಿಂತ ಹಿಂದಿನದಲ್ಲ" ಎಂದು ಬರೆಯಬಹುದು. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ನಾಳೆ ಒಂದು ತಪ್ಪಾದರೆ ಇನ್ನೊಂದು ಉಳಿಯುತ್ತದೆ.

ಇದನ್ನು ಯಾಕೆ ಹೇಳುತ್ತೇನೆ ಎಂದರೆ ನಮ್ಮ ಮನೆಯಲ್ಲೇ ಹಾಗಾಗಿದೆ. ಬಂಟ್ವಾಳ ಪೇಟೆಯಲ್ಲಿ ನೆರೆ ನೀರು ನಿಂತ ಫೋಟೊ ಒಂದು ಗೋಡೆಯ ಮೇಲಿತ್ತು. ಅಜ್ಜ ಅದನ್ನು 1923ರ ಮಾರಿಬೊಳ್ಳ, ಅಂದರೆ ಆ ವರ್ಷದ ದೊಡ್ಡ ನೆರೆ, ಎಂದೇ ಹೇಳುತ್ತಿದ್ದರು. ನಾವೂ ಬಂದವರಿಗೆಲ್ಲ ಹಾಗೇ ಹೇಳಿದೆವು. ಅವರು ಹೋದ ಮೇಲೆ ಪೆಟ್ಟಿಗೆಯಲ್ಲಿ ಅದರ ನೆಗೆಟಿವ್ ಸಿಕ್ಕಿತು. 35 ಎಂಎಂ ಫಿಲ್ಮು, ಅಂಚಿನಲ್ಲಿ ಇಂಡು. ಹಾಗಾದರೆ ಅದು 1974ರ ನೆರೆ. ಅಜ್ಜ ಸುಳ್ಳು ಹೇಳಿದ್ದಲ್ಲ. ಅವರು ಚಿಕ್ಕಂದಿನಲ್ಲಿ ಕೇಳಿದ ನೆರೆ, ಮುದುಕಾದಾಗ ನೋಡಿದ ನೆರೆ, ಎರಡೂ ಅವರಿಗೆ ಒಂದೇ ಆಗಿಹೋಗಿತ್ತು.

ಬಂದರು ಬದಿ

ಒಪ್ಪಿದೆ. ಬರುವ ಭಾನುವಾರ ಬೆಳಿಗ್ಗೆ ನಾನೇ ಕೂಳೂರಿಗೆ ಹೋಗಿ ನಿಂತು ನೋಡುತ್ತೇನೆ.

ತೆಂಕಪೇಟೆಯವ

ಮೆರವಣಿಗೆಯ ಚಿತ್ರವನ್ನು ಎರಡು ದಿನದಿಂದ ನೋಡುತ್ತಾ ಇದ್ದೇನೆ. ಇದರಲ್ಲಿ ತುಂಬಾ ಉಂಟು. ಒಂದೊಂದೇ ಹೇಳುತ್ತೇನೆ.

ಬಲಗಡೆ ಮಹಡಿಯ ಮೇಲೆ ಉದ್ದ ಬೋರ್ಡು. "ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್" ಎಂಬಲ್ಲಿಗೆ ತೋರಣ ಅಡ್ಡ ಬಂದಿದೆ. ಮುಂದಿನ ಪದ ಸಿಂಡಿಕೇಟ್. 1925ರಲ್ಲಿ ಉಡುಪಿಯಲ್ಲಿ ಶುರುವಾದ ಬ್ಯಾಂಕು. 1964ರಲ್ಲಿ ಅದರ ಹೆಸರು ಸಿಂಡಿಕೇಟ್ ಬ್ಯಾಂಕ್ ಎಂದಾಯಿತು. ಈಗ ಅದೂ ಕೆನರಾ ಬ್ಯಾಂಕಿನೊಳಗೆ ಸೇರಿಹೋಗಿದೆ.

ಎಡಗಡೆ ಹೋಟೆಲಿನ ದರಪಟ್ಟಿ. ಕಾಫಿಯ ಮುಂದೆ ಅಂಕಿ, ಅದರ ಮುಂದೆ "ನ.ಪೈ." ಅಂದರೆ ನಯೇ ಪೈಸೆ. ಅದು ಬಂದದ್ದು 1957ರ ಏಪ್ರಿಲ್ 1ಕ್ಕೆ. ಅದಕ್ಕೂ ಮುಂಚೆ ಆಣೆ ಲೆಕ್ಕ. 1964ರ ಜೂನ್‌ನಿಂದ ನಯೇ ಹೋಗಿ ಬರೀ ಪೈಸೆ ಉಳಿಯಿತು.

ಇನ್ನು ಪರ್ಯಾಯದ ಲೆಕ್ಕ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಕೃಷ್ಣಮಠದ ಪೂಜೆಯ ಅಧಿಕಾರ ಒಂದು ಮಠದಿಂದ ಇನ್ನೊಂದಕ್ಕೆ ಹೋಗುತ್ತದೆ. ಎಂಟು ಮಠ, ಹಾಗಾಗಿ ಒಂದು ಮಠಕ್ಕೆ 16 ವರ್ಷಕ್ಕೊಮ್ಮೆ. ಪೇಜಾವರ 1952. ಅಲ್ಲಿಂದ ಪಲಿಮಾರು 1954, ಅದಮಾರು 1956, ಕೃಷ್ಣಾಪುರ 1958, ಪುತ್ತಿಗೆ 1960, ಶೀರೂರು 1962, ಸೋದೆ 1964. ನಯೇ ಪೈಸೆಯ ಕಾಲಕ್ಕೆ ಸೇರುವುದು ಕೊನೆಯ ನಾಲ್ಕು ಮಾತ್ರ.

ಈಗ ಆ ಸ್ವಾಗತ ಕಮಾನು ನೋಡಿ. ಜನರ ತಲೆಯ ಮೇಲೆ "ಪುರ" ಎಂಬ ಎರಡು ಅಕ್ಷರ ಕಾಣುತ್ತದೆ. ನಾಲ್ಕು ಮಠಗಳಲ್ಲಿ ಪುರ ಇರುವುದು ಒಂದಕ್ಕೇ. ಕೃಷ್ಣಾಪುರ. 1958.

ಲೈಬ್ರರಿ ಅಕ್ಕ

ಓದಿ ತುಂಬಾ ಖುಷಿಯಾಯಿತು. ಆದರೆ ಒಂದು ಸಂಶಯ. ಅದು "ಪುರಪ್ರವೇಶ" ಎಂಬ ಮಾತಿನ ಮೊದಲ ಎರಡು ಅಕ್ಷರ ಆಗಿರಬಹುದಲ್ಲ? ಪರ್ಯಾಯಕ್ಕೆ ಕೂರುವ ಸ್ವಾಮಿಗಳು ಸಂಚಾರ ಮುಗಿಸಿ ಕೆಲವು ದಿನ ಮುಂಚೆ ಊರಿಗೆ ಬರುವಾಗ ಹಾಕುವ ಕಮಾನು. ಹಾಗಾದರೆ ಯಾವ ಮಠದ್ದೂ ಆಗಬಹುದು.

ಬೆಳಕನ್ನೂ ನೋಡಿ. ಪರ್ಯಾಯದ ದೊಡ್ಡ ಮೆರವಣಿಗೆ ಜೋಡುಕಟ್ಟೆಯಿಂದ ಹೊರಡುವುದು ಬೆಳಗಿನ ಜಾವ, ಕತ್ತಲಿರುವಾಗ. ಇಲ್ಲಿ ಜನರ ಮುಖದ ಮೇಲೆ ಓರೆ ಬಿಸಿಲು ಇದೆ.

ತೆಂಕಪೇಟೆಯವ

ಅಕ್ಕ, ನೀವು ಹೇಳಿದ್ದು ನನ್ನ ತಲೆಗೆ ಬಂದಿರಲೇ ಇಲ್ಲ. ಬಿಸಿಲಿನ ಮಾತು ಒಪ್ಪಲೇಬೇಕು. ಇದು 18ರ ಬೆಳಗಿನ ಜಾವದ್ದಲ್ಲ.

ಕಲ್ಸಂಕದ ತಂಗಿ, "ಪುರ" ಆದ ಮೇಲೆ ಏನಿದೆ ಎಂದು ನೆಗೆಟಿವನ್ನೇ ನೋಡಿ ಹೇಳುತ್ತೀರಾ? ಮೊಬೈಲ್ ಚಿತ್ರದಲ್ಲಿ ಅದು ಒಡೆದುಹೋಗುತ್ತದೆ.

ಕಲ್ಸಂಕದವಳು

ಅಪ್ಪನ ಹಳೇ ಭೂತಗನ್ನಡಿ ಹಿಡಿದು ನೋಡಿದೆ. ನೆಗೆಟಿವ್ ಆದ್ದರಿಂದ ಬಿಳಿ ಬಟ್ಟೆ ಕಪ್ಪು, ಬರೆದ ಅಕ್ಷರ ಬಿಳಿ. "ಪುರ" ಆದ ಮೇಲೆ ಸ್ವಲ್ಪ ಜಾಗ ಬಿಟ್ಟಿದ್ದಾರೆ. ಆಮೇಲೆ ಅರ್ಧ ಅಕ್ಷರ ಕಾಣುತ್ತದೆ, ಉಳಿದರ್ಧ ಒಬ್ಬರ ಕೊಡೆಯ ಹಿಂದೆ. ಕಂಡಷ್ಟು ಭಾಗದ ಕೆಳಗೆ ಏನೂ ಇಲ್ಲ. "ಪ್ರ" ಆಗಿದ್ದರೆ ಕೆಳಗೆ ರ ಒತ್ತು ಇಳಿಯಬೇಕಿತ್ತು. ಅಲ್ಲಿ ಬಟ್ಟೆ ಖಾಲಿ. ಅಕ್ಷರದ ಮೊದಲ ಸುತ್ತು "ವ" ಅಥವಾ "ಮ" ತರಹ ಇದೆ. ಅಮ್ಮನಿಗೂ ತೋರಿಸಿದೆ, ಏನೂ ಹೇಳದೆ. ಅವರು "ಮ" ಎಂದರು.

ಲೈಬ್ರರಿ ಅಕ್ಕ

ಏನೂ ಹೇಳದೆ ತೋರಿಸಿದ್ದು ಬಹಳ ಒಳ್ಳೆಯದಾಯಿತು. ಹಾಗಾದರೆ "ಕೃಷ್ಣಾಪುರ ಮಠ" ಎಂಬುದೇ ಸರಿ ಹೊಂದುತ್ತದೆ. 16 ವರ್ಷ ಹಿಂದಕ್ಕೆ ಹೋದರೆ 1942, ಆಗ ನಯೇ ಪೈಸೆ ಇಲ್ಲ. ಮುಂದಕ್ಕೆ ಹೋದರೆ 1974, ಆಗ ಬ್ಯಾಂಕಿನ ಬೋರ್ಡು ಬದಲಾಗಿ ಹತ್ತು ವರ್ಷ. ನಡುವೆ ಉಳಿಯುವುದು 1958.

ಆದರೂ ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ: "ಉಡುಪಿ ರಥಬೀದಿ, ಖಚಿತ. ಕೃಷ್ಣಾಪುರ ಮಠದ ಪರ್ಯಾಯಕ್ಕೆ ಸೇರಿದ್ದು, ಬಹುತೇಕ ಖಚಿತ. 1958ರ ಜನವರಿ, ಸಾಧ್ಯತೆ. ಪುರಪ್ರವೇಶದ ದಿನವೇ ಎಂಬುದು ಊಹೆ." ಯಾವುದರಿಂದ ಗೊತ್ತಾಯಿತು ಎಂದೂ ಪಕ್ಕದಲ್ಲೇ ಬರೆಯಿರಿ. ಬರೀ "1958" ಎಂದು ಬರೆದರೆ ಮುಂದೆ ನೋಡುವವರಿಗೆ ಅದು ಕವರಿನ ಮೇಲೆ ಇದ್ದದ್ದೋ, ನಾವು ಹುಡುಕಿದ್ದೋ ಗೊತ್ತಾಗುವುದಿಲ್ಲ.

ಬೋರ್ಡುಗಳ ಬಗ್ಗೆ ಒಂದು ಎಚ್ಚರ. ಬೋರ್ಡು ಹಾಕಿದ ಕಾಲ ಗೊತ್ತಾಗುತ್ತದೆ, ಫೋಟೊ ತೆಗೆದ ಕಾಲವಲ್ಲ. ಹೆಸರು ಬದಲಾದ ಮೇಲೂ ಹಳೇ ಬೋರ್ಡು ವರ್ಷಗಟ್ಟಲೆ ನೇತಾಡುತ್ತಿರುತ್ತದೆ. ಹಾಗಾಗಿ ಚಿತ್ರದಲ್ಲಿ ಎಲ್ಲಕ್ಕಿಂತ ಹೊಸದು ಯಾವುದು ಎಂದು ಹುಡುಕಬೇಕು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಕಂಡರೆ 1972ರ ಆಗಸ್ಟಿನ ನಂತರ. ಗಾಡಿಯ ಮೇಲೆ ಕೆಎ 19 ಅಥವಾ ಕೆಎ 20 ಕಂಡರೆ 1989ಕ್ಕಿಂತ ಮುಂಚೆ ಅಲ್ಲ. ಉಡುಪಿ ಜಿಲ್ಲೆ ಎಂದು ಬರೆದಿದ್ದರೆ 1997ರ ಆಗಸ್ಟಿನ ನಂತರ. ಬಸ್ಸಿನ ಹಿಂದೆ ಇದ್ದಿಲು ಗ್ಯಾಸಿನ ಒಲೆ ಕಂಡರೆ ಎರಡನೇ ಮಹಾಯುದ್ಧದ ಪೆಟ್ರೋಲ್ ಬರಗಾಲ ನೆನಪಿಗೆ ಬರಬೇಕು.

ಮಲ್ಪೆ ಪಡುಕರೆ

ಮೂರನೇ ಚಿತ್ರ ನಮ್ಮದು. ಅಂದರೆ ನಮ್ಮವರ ಕೆಲಸ. ಅದು ರಂಪಣಿ. ದೋಣಿಯಲ್ಲಿ ಬಲೆ ಒಯ್ದು ಕಡಲಲ್ಲಿ ಅರ್ಧ ಸುತ್ತು ಬಿಟ್ಟು, ಎರಡೂ ತುದಿಯ ಹಗ್ಗವನ್ನು ದಡದಿಂದ ಎಳೆಯುವುದು. ಇಡೀ ಊರೇ ಬೇಕು. ಬಂಗುಡೆ, ಬೂತಾಯಿ ರಾಶಿ ಬೀಳುತ್ತಿತ್ತು.

1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟು (ಕಡಲಲ್ಲೇ ಸುತ್ತುಬಲೆ ಹಾಕಿ ಎಳೆಯುವ ಯಂತ್ರದ ದೋಣಿ) ಬಂತು. ಆಮೇಲೆ ದೊಡ್ಡ ರಂಪಣಿ ನಿಲ್ಲುತ್ತಾ ಬಂತು. ಈಗಲೂ ಕೈರಂಪಣಿ ಎಳೆಯುತ್ತಾರೆ, ಆದರೆ ಅದು ಸಣ್ಣದು, ಇಷ್ಟು ಜನ ಬೇಡ. ಫಿಲ್ಮು ಇಂಡು ಎಂದಿರಿ. ಹಾಗಾದರೆ 1967ರ ನಂತರ, 70ರ ದಶಕ ಮುಗಿಯುವ ಒಳಗೆ. ಹತ್ತು ಹನ್ನೆರಡು ವರ್ಷದ ಅಂತರ. ಅದಕ್ಕಿಂತ ಹತ್ತಿರ ಹೋಗಲು ನನಗೆ ಆಗುವುದಿಲ್ಲ.

ಜಾಗ? ಮರಳು, ನೀರು, ತೆಂಗು. ಉಳ್ಳಾಲದಿಂದ ಬೈಂದೂರಿನವರೆಗೆ ಹೀಗೇ ಉಂಟು. ಕಾಪುವಿನ ದೀಪಸ್ತಂಭ ಮೂಲೆಯಲ್ಲಿ ಕಂಡಿದ್ದರೆ ಒಂದೇ ಮಾತಿನಲ್ಲಿ ಹೇಳಬಹುದಿತ್ತು, ಅದು 1901ರಿಂದ ಅಲ್ಲೇ ಬಂಡೆಯ ಮೇಲೆ ನಿಂತಿದೆ. ಇಲ್ಲಿ ಅದಿಲ್ಲ. ದೂರದಲ್ಲಿ ದ್ವೀಪದ ಗೆರೆಯೂ ಇಲ್ಲ. ಮಲ್ಪೆ ಎಂದು ಹೇಳಲು ಆಸೆ, ಆದರೆ ಹೇಳುವುದಿಲ್ಲ.

ನನ್ನ ಅಜ್ಜಿಗೆ ತೋರಿಸಿದೆ. ಎಂಬತ್ತನಾಲ್ಕು ವರ್ಷ. ಫೋನ್ ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದರು. ಜಾಗ ಗೊತ್ತಾಗಲಿಲ್ಲ. ಆದರೆ ಹಗ್ಗ ಹಿಡಿದ ಸಾಲನ್ನು ಬೆರಳಿನಲ್ಲಿ ಎಣಿಸುತ್ತಾ ಹೋದರು. "ಬಲೆ ಇನ್ನೂ ದೂರ ಉಂಟು. ಹತ್ತಿರ ಬಂದಿದ್ದರೆ ಯಾರೂ ಹೀಗೆ ನೇರ ನಿಲ್ಲುವುದಿಲ್ಲ, ಹಿಂದಕ್ಕೆ ಬಾಗುತ್ತಾರೆ" ಎಂದರು. ನಾನು ಇಷ್ಟು ದಿನ ನೋಡಿ ಇದನ್ನು ಗಮನಿಸಿರಲಿಲ್ಲ.

ಕಲ್ಸಂಕದವಳು

ಅಜ್ಜಿ ಹೇಳಿದ್ದನ್ನು ಹಾಗೆಯೇ ಕವರಿನ ಮೇಲೆ ಬರೆದೆ. ಅವರಿಗೆ ನನ್ನ ನಮಸ್ಕಾರ ಹೇಳಿ.

ಗಾಜಿನ 11ರ ಬಗ್ಗೆಯೂ ಕೇಳುತ್ತೇನೆ. ಎಲ್ಲವೂ ಸ್ಟುಡಿಯೋ ಒಳಗಿನವು. ಕುರ್ಚಿ, ಹಿಂದೆ ಬಣ್ಣದ ಪರದೆ, ಗಂಡ ಹೆಂಡತಿ, ಮಕ್ಕಳು. ಹೊರಗಿನ ಗುರುತು ಒಂದೂ ಇಲ್ಲ. ಹೆಂಗಸರ ಕುಂಕುಮ ಮಸಿಯ ಹಾಗೆ ಕಪ್ಪಗೆ ಬಂದಿದೆ. ಯಾಕೆ ಹಾಗೆ?

ಡಾರ್ಕ್‌ರೂಮ್ ಮಾಮ

ಹಳೇ ಗಾಜಿನ ಪ್ಲೇಟುಗಳಲ್ಲಿ ಜಾಸ್ತಿ ಪಾಲು ಕೆಂಪು ಬಣ್ಣವನ್ನು ಕಾಣುವುದಿಲ್ಲ. ಆರ್ಥೋ ಎನ್ನುತ್ತಾರೆ. ಅದಕ್ಕೇ ನಾವು ಡಾರ್ಕ್‌ರೂಮಿನಲ್ಲಿ ಕೆಂಪು ದೀಪ ಹಾಕಿಕೊಂಡು ಅದನ್ನು ಕೈಯಲ್ಲಿ ಹಿಡಿಯಬಹುದಿತ್ತು. ಕೆಂಪು ಕುಂಕುಮ ಕಪ್ಪು, ನಮ್ಮ ಹಂಚಿನ ಮಾಡು ಕಪ್ಪು, ಮುರಕಲ್ಲಿನ ಗೋಡೆಯೂ ಕಪ್ಪು. ನೀಲಿ ಆಕಾಶ ಮಾತ್ರ ಬೋಳು ಬಿಳಿ. ಸೀರೆ ಕಪ್ಪಗೆ ಕಂಡರೆ ಅದು ಕಪ್ಪು ಸೀರೆ ಎಂದುಕೊಳ್ಳಬೇಡಿ. ಮದುವೆಯ ಕೆಂಪು ಧಾರೆಸೀರೆಯೂ ಹಾಗೇ ಬರುತ್ತದೆ.

ಗಾಜಿನವನ್ನು ಕುರ್ಚಿ ನೋಡಿ ಗುಂಪು ಮಾಡಿ. ಒಂದೇ ಕುರ್ಚಿ, ಒಂದೇ ಪರದೆ, ಪರದೆಯಲ್ಲಿ ಅದೇ ಮಡಿಕೆಯ ಗೆರೆ ಇದ್ದರೆ ಅವು ಹತ್ತಿರ ಹತ್ತಿರದ ಕಾಲದವು. ಒಂದರಲ್ಲಿ ಯಾರನ್ನಾದರೂ ಗುರುತು ಹಿಡಿದರೆ ಇಡೀ ಗುಂಪಿಗೆ ಸುಮಾರು ಕಾಲ ಸಿಗುತ್ತದೆ. ಮುಖದ ಮೇಲೆ ಸಣ್ಣ ಪೆನ್ಸಿಲ್ ಗೀರು ಕಂಡರೆ ಅದು ಕೊಳೆ ಅಲ್ಲ, ಒರೆಸಬೇಡಿ. ಅದು ರಿಟಚಿಂಗ್. ಕಿಟಕಿಯ ಬೆಳಕಿಗೆ ಪ್ಲೇಟು ಒರಗಿಸಿ, ಒಂದೊಂದೇ ಚುಕ್ಕೆ ಇಟ್ಟು, ಸಿಡುಬಿನ ಕಲೆ ಮುಚ್ಚುತ್ತಿದ್ದೆವು. ನಿಮ್ಮ ಮಾವನ ಕೈ ಅದು.

ಇನ್ನೊಂದು ಮಾತು. ಇವು ಬೇರೆಯವರ ಮನೆಯ ಮುಖಗಳು. ಆ ಮನೆಯವರು ಸಿಗುವವರೆಗೆ ಎಲ್ಲ ಕಡೆ ಹಾಕಬೇಡಿ.

ಭೂಗೋಳ ಟೀಚರ್

ನಾಲ್ಕನೇ ಚಿತ್ರದ ಬಗ್ಗೆ ಯಾರೂ ಮಾತಾಡಲಿಲ್ಲ. ನನಗೆ ಇರುವುದರಲ್ಲಿ ಅದೇ ಚಂದ. ಅದು ಯಾರ ಮನೆ ಎಂದು ಗೊತ್ತಾ? ಮನೆ ಯಾವ ದಿಕ್ಕಿಗೆ ಮುಖ ಮಾಡಿದೆ?

ಕಲ್ಸಂಕದವಳು

ಗೊತ್ತು. ಬ್ರಹ್ಮಾವರದ ಕಡೆ ನಮ್ಮ ಅಜ್ಜಿಮನೆ. ಈಗಲೂ ಇದೆ. ಪೂರ್ವಕ್ಕೆ ಮುಖ. ಜಗಲಿಯಿಂದ ಅಂಗಳದ ಕಡೆಗೆ ತೆಗೆದದ್ದು. ಜಾಗ ಗೊತ್ತಿತ್ತು, ಕಾಲ ಗೊತ್ತಿಲ್ಲ.

ಭೂಗೋಳ ಟೀಚರ್

ಹಾಗಾದರೆ ಕ್ಯಾಮೆರಾ ಪೂರ್ವಕ್ಕೆ ನೋಡುತ್ತಿದೆ. ಎಡಕ್ಕೆ ಉತ್ತರ, ಬಲಕ್ಕೆ ದಕ್ಷಿಣ. ಈಗ ತುಳಸಿಕಟ್ಟೆಯ ನೆರಳು ನೋಡಿ. ಮನೆಯ ಕಡೆಗೂ ಇಲ್ಲ, ಎದುರಿನ ದಣಪೆಯ (ಗೇಟಿನ) ಕಡೆಗೂ ಇಲ್ಲ. ಅಂದರೆ ಸರಿ ಮಧ್ಯಾಹ್ನ, ನಮ್ಮಲ್ಲಿ ಗಡಿಯಾರದ ಲೆಕ್ಕಕ್ಕೆ ಸುಮಾರು ಹನ್ನೆರಡೂವರೆ. ನೆರಳು ಬಹಳ ಗಿಡ್ಡ. ಅದು ಬಲಕ್ಕೆ ಬಿದ್ದಿದೆ. ದಕ್ಷಿಣಕ್ಕೆ!

ವರ್ಷದ ಜಾಸ್ತಿ ದಿನ ನಮ್ಮೂರಲ್ಲಿ ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ. ಏಪ್ರಿಲ್ ಕೊನೆಯ ವಾರ ಸೂರ್ಯ ನೆತ್ತಿಗೆ ಬರುತ್ತಾನೆ. ಅಲ್ಲಿಂದ ಉತ್ತರಕ್ಕೆ ದಾಟಿ, ಆಗಸ್ಟ್ ನಡುವಿಗೆ ಮತ್ತೆ ನೆತ್ತಿಗೆ ಬರುತ್ತಾನೆ. ಆ ನಡುವೆ ಮಾತ್ರ ನೆರಳು ದಕ್ಷಿಣಕ್ಕೆ. ಮೇ ತಿಂಗಳ ನಡುವಿನಲ್ಲಿ ಐದಡಿ ಎತ್ತರದವರ ನೆರಳು ಅರ್ಧ ಅಡಿ ಅಷ್ಟೇ. ಜೂನ್‌ನಿಂದ ಮಳೆ, ಯಾರೂ ಚಾಪೆ ಹಾಸಿ ಒಣಹಾಕುವುದಿಲ್ಲ. ಹಾಗಾಗಿ ಏಪ್ರಿಲ್ ಕೊನೆಯಿಂದ ಮೇ ಮುಗಿಯುವ ಒಳಗೆ.

ನೆಗೆಟಿವ್ ಮಗುಚಿ ಹೋಗಿದ್ದರೆ ನೆರಳು ಎಡಕ್ಕೆ ಬೀಳುತ್ತಿತ್ತು. ನಾನು ಏಪ್ರಿಲ್ ಮೊದಲರ್ಧ ಅಥವಾ ಆಗಸ್ಟ್ ಕೊನೆ ಎಂದು ಬರೆದುಬಿಡುತ್ತಿದ್ದೆ. ಅದಕ್ಕೇ ಮಾಮ ಹೇಳಿದ ಮಂಕು ಬದಿ, ಹೊಳೆಯುವ ಬದಿಯ ಮಾತನ್ನು ಮೊದಲು ನೋಡಿಕೊಂಡೆ. ಹುಡುಗಿಯ ಈಚೆ ಜಗಲಿಯ ಮೆಟ್ಟಿಲಲ್ಲಿ ಕೂತ ಹೆಂಗಸಿನ ಸೆರಗು ಎಡ ಹೆಗಲ ಮೇಲೆಯೇ ಇದೆ.

ಚಾಪೆಯ ಮೇಲಿರುವುದು ಅಡಿಕೆಯಲ್ಲ. ಅಡಿಕೆಯಾದರೆ ಚಳಿಗಾಲದಲ್ಲಿ ಅಂಗಳ ತುಂಬಾ ಹರಡಿರುತ್ತದೆ. ಇಲ್ಲಿ ತೆಳ್ಳಗಿನ ಉರುಟು ಬಿಲ್ಲೆಗಳು ಸಾಲಾಗಿ ಇವೆ. ಹಲಸಿನ ಹಪ್ಪಳ ಅಲ್ವಾ?

ಕಲ್ಸಂಕದವಳು

ಹಪ್ಪಳವೇ! ಗೋಡೆಯ ಹತ್ತಿರ ನೇಯ್ದ ತೆಂಗಿನ ಮಡಲು ರಾಶಿ ಹಾಕಿದ್ದೂ ಈಗ ಕಾಣುತ್ತಿದೆ. ಮಳೆಗೆ ಮುಂಚೆ ಗೋಡೆಗೆ ಕಟ್ಟಲಿಕ್ಕೆ. ನೀವು ಹೇಳಿದ ತಿಂಗಳೇ ಸರಿ.

ಬಂದರು ಬದಿ

ಕೂಳೂರಿಗೆ ಹೋಗಿ ಬಂದೆ. ಚಿತ್ರ ಮೊಬೈಲಿನಲ್ಲಿ ಹಿಡಿದು ದಡದಲ್ಲಿ ಹಿಂದೆ ಮುಂದೆ ನಡೆದೆ. ಗುಡ್ಡದ ತಗ್ಗು ಸರಿಯಾಗಿ ಎರಡನೇ ಕಮಾನಿನ ನೆತ್ತಿಗೆ ಬರುವಲ್ಲಿ ನಿಂತೆ. ನಾಲ್ಕು ಹೆಜ್ಜೆ ಎಡಕ್ಕೆ ಹೋದರೆ ತಪ್ಪುತ್ತದೆ, ಬಲಕ್ಕೆ ಹೋದರೂ ತಪ್ಪುತ್ತದೆ. ನಿಮ್ಮ ಮಾವ ನಿಂತದ್ದು ಅಲ್ಲಿಯೇ, ನನಗೆ ಸಂಶಯ ಇಲ್ಲ. ಈಗ ಪಕ್ಕದಲ್ಲಿ ಇನ್ನೊಂದು ಸಂಕ ಇದೆ. ಚಿತ್ರದಲ್ಲಿ ಅದಿಲ್ಲ, ಒಂದೇ ಇದೆ. ಹಾಗಾಗಿ ಎರಡನೆಯದು ಬರುವ ಮುಂಚಿನದು. ಅಷ್ಟು ಬರೆದುಕೊಳ್ಳಿ.

ಕಲ್ಸಂಕದವಳು

ಬರೆದುಕೊಂಡೆ. ಬಿಸಿಲಲ್ಲಿ ಅಷ್ಟು ಕಷ್ಟಪಟ್ಟದ್ದಕ್ಕೆ ತುಂಬಾ ಉಪಕಾರವಾಯಿತು ಅಣ್ಣ.

ಅಂಗಳದ ಚಿತ್ರದ್ದು ಒಂದು ಸುದ್ದಿ ಇದೆ. ನಿನ್ನೆ ರಾತ್ರಿ ಊಟದ ನಂತರ ಅಮ್ಮನಿಗೆ ಅದನ್ನು ದೊಡ್ಡದು ಮಾಡಿ ತೋರಿಸಿದೆ. ಆ ಲಂಗದ ಹುಡುಗಿ ಅಮ್ಮನೇ ಎಂದು ನಾನು ಇಷ್ಟು ದಿನ ಅಂದುಕೊಂಡಿದ್ದೆ. ಅಮ್ಮ ನೋಡಿದ ತಕ್ಷಣ "ಅಲ್ಲ, ಅದು ಚಿಕ್ಕಕ್ಕ. ನಾನು ಒಳಗೆ ಜ್ವರ ಬಂದು ಮಲಗಿದ್ದೆ. ಮಾವ ಫೋಟೊ ತೆಗೆಯುವುದು ಕೇಳಿಸುತ್ತಿತ್ತು, ಏಳಲು ಬಿಡಲಿಲ್ಲ ಎಂದು ಅತ್ತಿದ್ದೆ" ಎಂದರು.

ಹಪ್ಪಳ ಅಷ್ಟು ಯಾಕೆ ಎಂದು ಕೇಳಿದೆ. ದೊಡ್ಡಕ್ಕನ ಮದುವೆಗೆ ಎಂದರು. ಆ ಮದುವೆಯ ಕರೆಯೋಲೆ ಅಜ್ಜಿಯ ಟ್ರಂಕಿನಲ್ಲಿ ಸೀರೆಯ ಮಡಿಕೆಯೊಳಗೆ ಇತ್ತು. ಅರಶಿನದ ಕಲೆ ಇನ್ನೂ ಇದೆ. 1961, ಮೇ ತಿಂಗಳ ಕೊನೆಯ ವಾರ.

ಕವರಿನ ಮೇಲೆ ಪೆನ್ಸಿಲಿನಲ್ಲಿ ಹೀಗೆ ಬರೆದೆ: "ನಂ. 22. ಅಜ್ಜಿಮನೆಯ ಅಂಗಳ, ಬ್ರಹ್ಮಾವರ. ಏಪ್ರಿಲ್ ಕೊನೆ ಅಥವಾ ಮೇ, ನೆರಳಿನಿಂದ. 1961, ಮದುವೆಯ ಕರೆಯೋಲೆ ಮತ್ತು ಅಮ್ಮನ ಮಾತಿನಿಂದ. ಹಪ್ಪಳ ತಿರುವುತ್ತಿರುವವಳು ಚಿಕ್ಕಕ್ಕ. ಅಮ್ಮ ಒಳಗೆ ಮಲಗಿದ್ದರು." ಕೊನೆಯ ಸಾಲು ಚಿತ್ರದಲ್ಲಿ ಇಲ್ಲದ್ದು. ಆದರೂ ಬರೆಯಲೇಬೇಕು ಎಂದು ಅಮ್ಮ ಹೇಳಿದರು.

ಇನ್ನು 59 ಇವೆ. ನಾಳೆ ಮುಂದಿನ ನಾಲ್ಕು ಹಾಕುತ್ತೇನೆ.